ಕಳಿಸಿದ್ದೇವೆ, ಬಂದಿಲ್ಲ

ಸರಕಾರಿ ಕಚೇರಿಯಲ್ಲಿ ಕಡತ ಕಾಣೆಯಾದಾಗ ಎರಡೇ ಮಾತು ಕೇಳಿಬರುತ್ತವೆ. “ಕಳಿಸಿದ್ದೇವೆ” ಎನ್ನುತ್ತದೆ ಒಂದು ವಿಭಾಗ. “ಬಂದಿಲ್ಲ” ಎನ್ನುತ್ತದೆ ಇನ್ನೊಂದು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ನಮಗೆ ಇದು ನಿತ್ಯದ ಸಂಗೀತ. ಯಂತ್ರಗಳೂ ಇದೇ ರಾಗ ಹಾಡುತ್ತವೆ ಎಂದು ತಿಳಿದದ್ದು ಮಾತ್ರ ಕಳೆದ ಮಳೆಗಾಲದ ಒಂದು ರಾತ್ರಿ, ವರ್ತಕ ನಗರದ ನಮ್ಮ ಮನೆಯಲ್ಲಿ, ಆರಿಹೋದ ಅನ್ನದ ತಟ್ಟೆಯ ಮುಂದೆ.

ಗದಗದಲ್ಲಿರುವ ನಮ್ಮ ತಂಗಿಯ ಮಗ ಡಿಪ್ಲೊಮಾ ಮುಗಿಸಿ ಬಂದು ನಮ್ಮಲ್ಲಿಯೇ ಇದ್ದಾನೆ. ವಾಗ್ಳೆ ಇಸ್ಟೇಟಿನ ಒಂದು ಕಾರಖಾನೆಯಲ್ಲಿ ಯಂತ್ರ ದುರಸ್ತಿಯ ಕೆಲಸ. ಅದೂ ಕಾಂಟ್ರಾಕ್ಟಿನ ಮೇಲೆ. ಅವನ ಸಂಬಳದಿಂದಲೇ ಊರಿನ ಮನೆಯ ಸಾಲದ ಕಂತು ಸಲ್ಲುತ್ತದೆ. ಆದ್ದರಿಂದ ಅವನ ಕಾರಖಾನೆಯಲ್ಲಿ ಏನಾದರೂ ಕೆಟ್ಟರೆ ಇಲ್ಲಿ ನಮಗೂ ಅಲ್ಲಿ ಗದಗಿಗೂ ನಿದ್ದೆಯಿಲ್ಲ.

ಅವನು ನೋಡಿಕೊಳ್ಳುವ ಯಂತ್ರವನ್ನು ನಡೆಸುವುದು ಪಿ.ಎಲ್.ಸಿ. ಎಂಬ ಕಂಟ್ರೋಲರ್. ಮಹಾರಾಷ್ಟ್ರದ ಔದ್ಯೋಗಿಕ ಮಂಡಳಿ ಹುಟ್ಟಿದ 1962ರ ಕಾಲಕ್ಕೆ ಕಾರಖಾನೆಗಳಲ್ಲಿ ಈ ಕೆಲಸವನ್ನು ಟಕಟಕ ಎನ್ನುವ ರಿಲೇಗಳು ಮಾಡುತ್ತಿದ್ದವು. ಯಂತ್ರದ ನಡೆ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಕಟ್ಟಬೇಕು. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಇದಕ್ಕೆ ಬದಲಿ ಬೇಡಿತು. ಡಿಕ್ ಮಾರ್ಲಿ ಎಂಬವರೂ ಅವರ ಜೊತೆಗಾರರೂ ‘ಮೋಡಿಕಾನ್ 084’ ಮಾಡಿಕೊಟ್ಟರು. ಬಿಡಿ ಬಿಡಿ ಮಾಡ್ಯೂಲ್‌ಗಳನ್ನು, ಕಾರಖಾನೆಯವರ ಬಾಯಲ್ಲಿ ‘ಕಾರ್ಡ್’ಗಳನ್ನು, ಸಾಲಾಗಿ ಕೂರಿಸಿ, ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸುವ ಅನುಕೂಲ ಇಂದಿನ ಕಂಟ್ರೋಲರುಗಳದ್ದು. ಅನುಕೂಲದ ಜೊತೆಗೆ ಒಂದು ತಾಪತ್ರಯವೂ ಬಂತು: ಕಂಟ್ರೋಲರಿಗೂ ಕಾರ್ಡಿಗೂ ನಡುವೆ ಮಾತು ನಿಂತರೆ ಯಂತ್ರವೇ ನಿಲ್ಲುತ್ತದೆ.

ಆ ಬುಧವಾರ ಹುಡುಗ ರಾತ್ರಿ ಹನ್ನೊಂದಕ್ಕೆ ಬಂದ. ಊಟ ಬೇಡವೆಂದ. “ಮಾಮಾ, ಮೂರು ದಿನದಿಂದ ಲೈನ್ ನಿಂತ್ ನಿಂತ್ ಹೊಂಟದ. ನಾಳೆ ಇಂಜಿನಿಯರ್ ಸಾಹೇಬ್ರು ಬರ್ತಾರ. ನನ್ನ ಮನಿಗೆ ಕಳಸ್ತಾರ.”

ನಾವು ಇಂಜಿನಿಯರರಲ್ಲ, ನಮ್ಮ ಬಳಿ ಇರುವುದು ಹಳೆಯದೊಂದು ಬಿ.ಎಸ್ಸಿ. ಮತ್ತು ಕಡತ ಹುಡುಕುವ ಅಭ್ಯಾಸ. ಮಗಳ ನೋಟುಬುಕ್ಕಿನ ಹಿಂಬದಿಯಲ್ಲಿ ಗೆರೆ ಹಾಕಿ, ಎಂದು, ಎಷ್ಟು ಗಂಟೆಗೆ, ಏನು ಕಂಡಿತು, ಏನು ಮಾಡಿದೆ ಎಂದು ನಾಲ್ಕು ಕಲಮು ಮಾಡಿ, ಹೇಳು ಎಂದೆವು.

ಸೋಮವಾರ ಸಂಜೆ, ಕಂಟ್ರೋಲರಿನಿಂದ ದೂರದ ಪೆಟ್ಟಿಗೆಯಲ್ಲಿದ್ದ ಕಾರ್ಡಿನ ಹೆಸರಿನ ಮೇಲೆ ಕಂಪ್ಯೂಟರಿನಲ್ಲಿ ಹಳದಿ ತ್ರಿಕೋನ ಮೂಡಿತು. ಸಂಖ್ಯೆ 0203, ಇದ್ದ ಸಂಪರ್ಕ ಅವಧಿ ಮೀರಿ ಕಡಿದಿದೆ ಎಂದರ್ಥ. ಬಳಿಕ 0204, ಕೇಳಿದೆ, ಉತ್ತರವಿಲ್ಲ ಎಂದರ್ಥ. ನಮಗೆ ನಗು ಬಂತು. ಕಳಿಸಿದ್ದೇವೆ, ಬಂದಿಲ್ಲ!

“ಆಮ್ಯಾಲೆ ಏನು ಮಾಡಿದಿ?”

“ಕಾರ್ಡ್ ಕೆಟ್ಟದ ಅಂತ ಸ್ಪೇರ್ ಹಾಕಿದೆ. 0116 ಬಂತು.”

ಅದು ಬೇರೆಯೇ ದೋಷ. ಕಂಟ್ರೋಲರ್ ಪ್ರತಿ ಕಾರ್ಡಿನ ಗುರುತನ್ನೂ ಕೇಳುತ್ತದೆ: ತಯಾರಿಸಿದವರಾರು, ಯಾವ ಬಗೆ, ಯಾವ ಆವೃತ್ತಿ. ಸ್ಪೇರಿನ ಆವೃತ್ತಿ ಹಳೆಯದು, ಒಳಗೆ ಬಿಡಲಿಲ್ಲ. ಒಂದಿದ್ದ ತೊಂದರೆ ಎರಡಾಯಿತು.

“ಆಮ್ಯಾಲೆ?”

ಹುಡುಗ ಸುಮ್ಮನಾದ. ನಾಲ್ಕನೆಯ ಕಲಮು ಖಾಲಿ ಉಳಿಯಿತು. ಕೊನೆಗೆ ಹೇಳಿದ: ಗುರುತು ಕೇಳುವುದನ್ನೇ ಬಂದ್ ಮಾಡಿದ್ದ. ಲೈನು ನಡೆಯಿತು, ಎಲ್ಲರೂ ಶಾಬಾಸ್ ಎಂದರು, ಅವನು ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಮಂಗಳವಾರ ಮತ್ತೆ ನಿಂತಿತು.

ಇದರ ಅಪಾಯ ಅವನಿಗೇ ಗೊತ್ತಿತ್ತು. ಆ ಜಾಗದಲ್ಲಿ ಇನ್ನು ಯಾವ ಕಾರ್ಡು ಕೂತರೂ ಕಂಟ್ರೋಲರ್ ಯಾರು ನೀನು ಎಂದು ಕೇಳದೆ ಕೆಲಸ ಕೊಡಲು ನೋಡುತ್ತದೆ. ಆ ಕಾರ್ಡು ನಡೆಸುವುದು ಡಬ್ಬಿಗಳನ್ನು ದೂಡುವ ದಂಡವನ್ನು. ಡಬ್ಬಿ ಸಿಕ್ಕಿಕೊಂಡರೆ ಕೆಲಸದ ಹೆಂಗಸು ಕೈಯಿಂದ ಬಿಡಿಸುವುದೂ ಅಲ್ಲಿಯೇ.

“ಮುಂಜಾನೆ ಲಗೂ ಹೋಗಿ, ಯಾರಿಗೂ ಗೊತ್ತಾಗದ್ಹಾಂಗ ಸರಿ ಮಾಡ್ತೀನಿ ಮಾಮಾ” ಎಂದ.

ನಿಜ ಹೇಳಬೇಕೆಂದರೆ, ನಮಗೂ ಅದೇ ಸರಿ ಎನಿಸಿತು. ತಂಗಿಯ ಕಂತು ಕಣ್ಮುಂದೆ ಬಂದಿತ್ತು. ಅಷ್ಟರಲ್ಲಿ ತಟ್ಟೆ ಎತ್ತಲು ಬಂದ ನಮ್ಮಾಕೆ ಕೇಳಿದಳು: “ಈಗ ರಾತ್ರಿ ಪಾಳಿ ನಡದದಲ್ಲ?”

ಉತ್ತರ ಕೊಡುವುದೇನಿತ್ತು? ಹುಡುಗ ಅಲ್ಲಿಯೇ ಫೋನೆತ್ತಿ ಪಾಳಿಯ ಮೇಲ್ವಿಚಾರಕರಿಗೆ ಎಲ್ಲ ಹೇಳಿದ. ಬೈಗುಳ ನಮ್ಮ ಕಿವಿಗೂ ಬಿತ್ತು. ಲೈನು ಬೆಳಗಿನವರೆಗೆ ನಿಲ್ಲಿಸುತ್ತೇವೆಂದರು.

ಆ ಮೇಲೆ ಮೊದಲಿನ ತೊಂದರೆಗೆ ಮರಳಿದೆವು. ಕೇಬಲ್ಲು ಬದಲಿಸಿ ನೋಡಿದ್ದನಂತೆ, ವಿಳಾಸ ತಾಳೆ ಮಾಡಿದ್ದನಂತೆ, ಪೆಟ್ಟಿಗೆಗೆ ಬರುವ ವಿದ್ಯುತ್ತು ಅಳೆದಿದ್ದನಂತೆ. “ಬರೋಬ್ಬರಿ 24 ವೋಲ್ಟ್ ಅದ.”

“ಅಳೆದಾಗ ಯಂತ್ರ ನಡೀತಿತ್ತೋ, ನಿಂತಿತ್ತೋ?”

“ನಿಂತಿತ್ತು.”

ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು. ಬ್ಯಾಟರಿಗೆ ಬರೀ ಮೀಟರು ಹಚ್ಚಿದರೆ ಪೂರ್ತಿ ವೋಲ್ಟು. ಕೀಲಿ ಒತ್ತಿ ಪ್ರವಾಹ ಹರಿಸಿದೊಡನೆ ಮುಳ್ಳು ಇಳಿಯುತ್ತಿತ್ತು. ಓಮನ ನಿಯಮ ಅಂಕಗಳಿಗಾಗಿ ಕಲಿತದ್ದು. ಅದು ಇಷ್ಟು ವರ್ಷದ ಮೇಲೆ ಊಟದ ಮನೆಯಲ್ಲಿ ಕೆಲಸಕ್ಕೆ ಬಂತು. ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ಸಡಿಲವಿದ್ದರೆ, ಪ್ರವಾಹ ಕಡಿಮೆಯಿದ್ದಾಗ ಅದು ಸಜ್ಜನ. ಹೆಚ್ಚು ಹರಿದಾಗಲೇ ಅದರ ಗುಣ ತಿಳಿಯುವುದು. “ನಡೆವಾಗ ಅಳಿ” ಎಂದೆವು.

ಮರುದಿನ ಇಂಜಿನಿಯರ್ ಸಾಹೇಬರ ಎದುರಿಗೇ, ಯಂತ್ರದ ಬಳಿ ಯಾರನ್ನೂ ಬಿಡದೆ, ನಡೆಸಿ ಅಳೆದರು. ಅದೇ 24 ವೋಲ್ಟಿನ ತಂತಿಯ ಮೇಲಿದ್ದ ಗಾಳಿಯ ಕವಾಟಗಳು ಒಟ್ಟಿಗೆ ತೆರೆದಾಗ ಮೀಟರು 17ಕ್ಕೆ ಇಳಿಯಿತು. ಪೆಟ್ಟಿಗೆಯ ದೀಪಗಳು ಆರಿ ಮತ್ತೆ ಹತ್ತಿದವು. ವಿದ್ಯುತ್ ಪಾಸು ಮಾಡಿ ಬಿಗಿಯುವ ಟರ್ಮಿನಲ್ಲಿನ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲಾಗಿತ್ತು. ತಂತಿಯ ತುದಿ ಕಪ್ಪಾಗಿತ್ತು. ತುದಿ ಕತ್ತರಿಸಿ ಹೊಸದಾಗಿ ಬಿಗಿದರು. ಕಿತ್ತಿಟ್ಟ ಹಳೆಯ ಕಾರ್ಡಿಗೆ ಏನೂ ಆಗಿರಲಿಲ್ಲ. ಅದನ್ನೇ ಮರಳಿ ಕೂರಿಸಿ, ಗುರುತು ಕೇಳುವ ಕ್ರಮವನ್ನು ಮೊದಲಿನಂತೆ ಮಾಡಿದರು.

ಹುಡುಗನನ್ನು ಸಾಹೇಬರು ಮತ್ತೊಮ್ಮೆ ಬೈದರಂತೆ, ಮನೆಗೆ ಕಳಿಸಲಿಲ್ಲ. ನೋಟುಬುಕ್ಕಿನ ಆ ಹಾಳೆಯನ್ನು ಕೇಳಿ ಇಸಿದುಕೊಂಡರಂತೆ. ಈಗ ಅವನು ತನ್ನದೇ ಒಂದು ವಹಿ ಇಟ್ಟಿದ್ದಾನೆ. ನಾಲ್ಕನೆಯ ಕಲಮನ್ನು ಮೊದಲು ತುಂಬುತ್ತಾನೆ.

ನಮ್ಮ ಕಚೇರಿಯಲ್ಲಿ ಕಡತಗಳು ಇಂದಿಗೂ ಕಾಣೆಯಾಗುತ್ತವೆ. “ಕಳಿಸಿದ್ದೇವೆ” ಎನ್ನುವವರೂ ಸುಳ್ಳರಲ್ಲ, “ಬಂದಿಲ್ಲ” ಎನ್ನುವವರೂ ಸುಳ್ಳರಲ್ಲ ಎಂದು ಈಚೆಗೆ ನಮಗೆ ಅನಿಸತೊಡಗಿದೆ. ಇಬ್ಬರನ್ನೂ ಬಿಟ್ಟು, ನಡುವೆ ಹೊತ್ತೊಯ್ದವನು ಯಾವ ಮೆಟ್ಟಿಲಲ್ಲಿ ನಿಂತಿದ್ದ ಎಂದು ಕೇಳಿಕೊಂಡು ಹೋಗುತ್ತೇವೆ. ಅದಕ್ಕೂ ಮೊದಲು ನಮ್ಮ ಮೇಜಿನ ಖಾನೆಯನ್ನು ಒಮ್ಮೆ ತೆರೆದು ನೋಡುತ್ತೇವೆ. ಎರಡು ಸಲ ಕಡತ ಅಲ್ಲಿಯೇ ಸಿಕ್ಕಿದೆ.