ಕಾಗದದ ಮೇಲೊಂದು ಪಿಯಾನೊ

ಮನೆಯಲ್ಲಿ ಪಿಯಾನೊ ಇಲ್ಲ. ಕೊಳ್ಳಲು ಕಾಸಿಲ್ಲ. ಹೇಳಿಕೊಡುವ ಗುರುವೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ಹುಡುಗನೊಬ್ಬ ಕಾಗದದ ಮೇಲೆ ಕಪ್ಪು-ಬಿಳಿ ಪಟ್ಟಿಗಳನ್ನು ಬರೆದುಕೊಂಡು, ಅದೇ ಪಿಯಾನೊ ಎಂದು ಬೆರಳಾಡಿಸುತ್ತಿದ್ದ. ಬೀದಿಯಲ್ಲಿ ಹೋಗುವಾಗ ಯಾರದಾದರೂ ಮನೆಯಿಂದ ನಿಜವಾದ ಪಿಯಾನೊ ದನಿ ಕೇಳಿಸಿದರೆ ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ನುಡಿಸಲು ಬಿಡಿ ಎಂದು ಬೇಡುತ್ತಿದ್ದ. ಆ ಹಸಿವಿನ ದಿನಗಳಲ್ಲೂ ಜನ ಇಲ್ಲವೆನ್ನಲಿಲ್ಲವಂತೆ!

ಟೋರು ತಾಕೆಮಿತ್ಸು ಹುಟ್ಟಿದ್ದು ಟೋಕಿಯೊದಲ್ಲಿ, 1930ರಲ್ಲಿ. ಎಂಟು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಬೆಳೆದದ್ದು ಬಂಧುವೊಬ್ಬರ ಮನೆಯಲ್ಲಿ. ಆಕೆ ಕೋಟೊ ಎಂಬ ತಂತಿವಾದ್ಯ ಕಲಿಸುತ್ತಿದ್ದರು. ದಿನವೆಲ್ಲ ಕಿವಿಗೆ ಬೀಳುತ್ತಿದ್ದ ಆ ನಾದ ಹುಡುಗನಿಗೆ ಹಿಡಿಸಲೇ ಇಲ್ಲ. 1944ರಲ್ಲಿ, ಹದಿನಾಲ್ಕರ ವಯಸ್ಸಿಗೆ, ಸೇನೆಯ ನೆಲೆಯೊಂದರಲ್ಲಿ ಮಣ್ಣು ಹೊರುವ ಪಾಲು ಬಂತು. ಶತ್ರು ರಾಷ್ಟ್ರಗಳ ಸಂಗೀತಕ್ಕೆ ಬಹಿಷ್ಕಾರ ಹಾಕಿದ್ದ ಕಾಲ ಅದು. ಅಲ್ಲಿದ್ದ ಅಧಿಕಾರಿಯೊಬ್ಬ ಒಂದು ದಿನ ಹುಡುಗರನ್ನು ಒಳಗೆ ಕರೆದು, ಬಿದಿರು ಹೆರೆದು ಮಾಡಿದ ಮುಳ್ಳನ್ನು ಗ್ರಾಮಫೋನಿಗೆ ಸಿಕ್ಕಿಸಿ, ಫ್ರೆಂಚ್ ಪ್ರೇಮಗೀತೆಯೊಂದನ್ನು ಕೇಳಿಸಿದ. ಜಗತ್ತಿನಲ್ಲಿ ಇಂಥದ್ದೂ ಇದೆಯೇ ಎಂದು ಬೆರಗಾದ ಹುಡುಗ, ಯುದ್ಧ ಮುಗಿದ ಮೇಲೆ ಸಂಗೀತವೇ ತನ್ನ ದಾರಿ ಎಂದು ನಿಶ್ಚಯಿಸಿದ.

ದಾರಿಯೇನೂ ಹೂವಿನದಾಗಿರಲಿಲ್ಲ. 1950ರಲ್ಲಿ ಆತನ ಪಿಯಾನೊ ಕೃತಿ ಮೊದಲ ಬಾರಿ ಸಭೆಯೇರಿದಾಗ ವಿಮರ್ಶಕನೊಬ್ಬ ಅದಿನ್ನೂ ಸಂಗೀತವೇ ಆಗಿಲ್ಲವೆಂದು ಬರೆದ. ಓದಿದ ಇಪ್ಪತ್ತರ ತರುಣ ಸಿನಿಮಾ ಮಂದಿರದ ಕತ್ತಲಲ್ಲಿ ಕೂತು ಅತ್ತ. ಮುಂದೆ ಕ್ಷಯ ಅಂಟಿಕೊಂಡಿತು. ಮುಖಪರಿಚಯವೂ ಇಲ್ಲದ ಸಂಗೀತಗಾರ ತೊಷಿರೊ ಮಾಯುಜುಮಿ ಒಂದು ಪಿಯಾನೊ ಕಳಿಸಿಕೊಟ್ಟದ್ದು ಆ ಕಷ್ಟದ ಕಾಲದಲ್ಲೇ.

1957ರಲ್ಲಿ ಆತ ತಂತಿವಾದ್ಯಗಳಿಗಾಗಿ 'ರಿಕ್ವಿಯೆಂ' ಎಂಬ ಶೋಕಕೃತಿ ರಚಿಸಿದ. ಊರಿನವರು ಅಷ್ಟಾಗಿ ಗಮನಿಸಲಿಲ್ಲ. ಎರಡು ವರ್ಷದ ಬಳಿಕ ಜಪಾನಿಗೆ ಬಂದಿದ್ದ ಜಗದ್ವಿಖ್ಯಾತ ಸ್ಟ್ರಾವಿನ್‌ಸ್ಕಿ ಧ್ವನಿಸುರುಳಿಗಳನ್ನು ಕೇಳುತ್ತಿದ್ದಾಗ ಕೈತಪ್ಪಿ ಅದೂ ಮೊಳಗಿತು. ನಿಲ್ಲಿಸಹೊರಟವರನ್ನು ತಡೆದು ಆತ ಪೂರ್ತಿ ಕೇಳಿದ, ಮೆಚ್ಚಿದ. ಆಮೇಲೆ ಜಪಾನಿನವರ ಕಿವಿಯೂ ತೆರೆಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಲ್ಲ ದೇಶದ ರೋಗವೇ ಇರಬೇಕು.

ತಮಾಷೆಯೆಂದರೆ ತಾಕೆಮಿತ್ಸುವಿಗೂ ಅದೇ ರೋಗವಿತ್ತು. ಜಪಾನಿ ವಾದ್ಯಗಳ ದನಿ ಕೇಳಿದರೆ ಆತನಿಗೆ ಯುದ್ಧದ ಕಹಿಯೇ ನೆನಪಾಗುತ್ತಿತ್ತು. ಒಮ್ಮೆ ಬುನ್ರಾಕು ಎಂಬ ಬೊಂಬೆಯಾಟಕ್ಕೆ ಹೋದವನು ಅದರ ತಂತಿವಾದ್ಯದ ನಾದಕ್ಕೆ ಬೆಚ್ಚಿಬಿದ್ದ. ಇಷ್ಟು ವರ್ಷ ಇದು ತನ್ನ ಕಿವಿಗೆ ಬೀಳಲಿಲ್ಲವೇಕೆ? ಆಮೇಲೆ ಕಲಿಯುವುದು ಮತ್ತೆ ಮೊದಲಿನಿಂದ ಶುರುವಾಯಿತು. 1967ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ದೊಡ್ಡ ವಾದ್ಯವೃಂದದ ಮುಂದೆ ಆತ ಇಬ್ಬರೇ ಜಪಾನಿ ವಾದಕರನ್ನು ಕೂರಿಸಿದ. ಒಬ್ಬರ ಕೈಯಲ್ಲಿ ಬಿವಾ ಎಂಬ ತಂತಿವಾದ್ಯ, ಇನ್ನೊಬ್ಬರ ಕೈಯಲ್ಲಿ ಷಕುಹಾಚಿ ಎಂಬ ಬಿದಿರಿನ ಕೊಳಲು. 'ನವೆಂಬರ್ ಸ್ಟೆಪ್ಸ್' ಎಂಬ ಆ ಕೃತಿಯಲ್ಲಿ ಪೂರ್ವ ಪಶ್ಚಿಮಗಳು ಬೆರೆತು ಪಾಯಸವಾಗುವುದಿಲ್ಲ. ತಮ್ಮ ತಮ್ಮ ಜಾಗದಲ್ಲಿ ನಿಂತು ಒಂದನ್ನೊಂದು ಕೇಳಿಸಿಕೊಳ್ಳುತ್ತವೆ.

ಸಿನಿಮಾ ಎಂದರೆ ಆತನಿಗೆ ಪ್ರಾಣ. ತೊಂಬತ್ತಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟ. 'ಕ್ವೈದಾನ್' ಚಿತ್ರದ ದೆವ್ವದ ಕಥೆಯೊಂದರಲ್ಲಿ ಹೆದರಿಸುವುದು ಮರ ಸೀಳುವ ಸದ್ದು! ಕುರೊಸಾವಾನ 'ರಾನ್' (1985) ಚಿತ್ರದಲ್ಲಿ ಕೋಟೆ ಹೊತ್ತಿ ಉರಿಯುತ್ತದೆ, ಸೈನಿಕರು ಸಾಯುತ್ತಾರೆ, ಆದರೆ ಕತ್ತಿಯ ಸದ್ದಿಲ್ಲ, ಚೀತ್ಕಾರವಿಲ್ಲ. ಕೇಳಿಸುವುದು ಶೋಕದ ವಾದ್ಯಗೋಷ್ಠಿಯೊಂದೇ. ಒಂದು ಗುಂಡು ಸಿಡಿದಾಗಲೇ ಲೋಕದ ಗದ್ದಲ ಒಳನುಗ್ಗುವುದು. ಆ ಸಂಗೀತ ಹೇಗಿರಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಜಟಾಪಟಿಯಾಗಿ, ಮತ್ತೆಂದೂ ಅವರು ಜೊತೆಗೂಡಲಿಲ್ಲ.

1996ರ ಫೆಬ್ರುವರಿಯಲ್ಲಿ ತಾಕೆಮಿತ್ಸು ಕ್ಯಾನ್ಸರಿನಿಂದ ಟೋಕಿಯೊದ ಆಸ್ಪತ್ರೆಯಲ್ಲಿದ್ದ. ಒಂದು ದಿನ ಹೊರಗೆ ಹಿಮ ಬೀಳುತ್ತಿತ್ತು. ರೇಡಿಯೊದಲ್ಲಿ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಷನ್' ಬಂತು. ಮಲಗಿದ್ದಲ್ಲೇ ಅದನ್ನು ಕೊನೆಯವರೆಗೂ ಕೇಳಿದ. ಅದಾಗಿ ಎರಡು ದಿನಕ್ಕೆ, 20ರಂದು, ತೀರಿಕೊಂಡ.