ಎಡಿಟಿಂಗ್ ಮೇಜಿನ ಮುಂದೆ ಜಾಗರ್

ಡಿಸೆಂಬರ್ 6, ಶನಿವಾರ

ರಾತ್ರಿ ‘ಗಿಮ್ಮಿ ಶೆಲ್ಟರ್’ ನೋಡಿದೆ. 1969ರಲ್ಲಿ ಚಿತ್ರದಲ್ಲಿರುವ ಆಲ್ಟಮಾಂಟ್‌ನ ಬಿಟ್ಟಿ ಕಛೇರಿ ನಡೆದದ್ದೂ ಇದೇ ತಾರೀಖು, ಅದೂ ಶನಿವಾರವೇ. ರೋಲಿಂಗ್ ಸ್ಟೋನ್ಸ್ ರಾಕ್ ತಂಡ ಆ ವರ್ಷ ಅಮೆರಿಕ ಸುತ್ತಿದಾಗ ಮೇಸಲ್ಸ್ ಸಹೋದರರು ಬೆನ್ನು ಹತ್ತಿ ತೆಗೆದ ಚಿತ್ರ. ಆಲ್ಬರ್ಟ್ ಕ್ಯಾಮೆರಾ, ಡೇವಿಡ್ ಧ್ವನಿ. ನಿರೂಪಣೆ ಇಲ್ಲ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗಾಯಕ ಜಾಗರ್ ಕುಣಿಯುತ್ತಾನೆ, ಜನ ಕಿರುಚುತ್ತಾರೆ. ಸರಿ.

ಹಿಂದೆ ತಿರುಗಿಸಿ ನೋಡಿದ್ದು ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೊ. ಆಗಷ್ಟೇ ರೆಕಾರ್ಡ್ ಆದ ‘ವೈಲ್ಡ್ ಹಾರ್ಸಸ್’ ಅನ್ನು ತಂಡ ಕೂತು ಕೇಳುತ್ತದೆ. ಕ್ಯಾಮೆರಾ ಕೀತ್ ರಿಚರ್ಡ್ಸ್‌ನ ಬೂಟನ್ನು ನೋಡುತ್ತದೆ, ಡ್ರಮ್ಮರ್ ಚಾರ್ಲಿ ವಾಟ್ಸ್ ಮುಖದ ಮೇಲೆ ನಿಲ್ಲುತ್ತದೆ. ಅವನು ನೆಟ್ಟಗೆ ಲೆನ್ಸನ್ನೇ ದಿಟ್ಟಿಸುತ್ತಾನೆ. ನಾನಾಗಿದ್ದರೆ ಆ ಶಾಟ್ ಕತ್ತರಿಸುತ್ತಿದ್ದೆನೇನೋ.

ಡಿಸೆಂಬರ್ 7, ಭಾನುವಾರ

ಎಡಿಟರ್ ಶಾರ್ಲಟ್ ಜ್ವೆರಿನ್ ಬಗ್ಗೆಯೇ ಯೋಚನೆ. ಸ್ಟೋನ್ಸ್‌ನವರನ್ನು ಎಡಿಟಿಂಗ್ ಕೋಣೆಗೆ ಕರೆಸಿ ಅವರ ಫೂಟೇಜನ್ನು ಅವರಿಗೇ ತೋರಿಸೋಣ ಎಂದವಳು ಅವಳು. ಚಿತ್ರ ಶುರುವಾದ ಕೊಂಚ ಹೊತ್ತಿಗೇ ಆಲ್ಟಮಾಂಟ್‌ನಲ್ಲಾದ ಕೊಲೆಯ ಸುದ್ದಿ ರೇಡಿಯೊ ಧ್ವನಿಮುದ್ರಣದಲ್ಲಿ ಬಂದುಬಿಡುತ್ತದೆ. ಮುಂದೇನು ಎಂಬ ಕುತೂಹಲವನ್ನು ಅವಳೇ ಮೊದಲು ಕಿತ್ತೊಗೆದಳು. ಹಾಗಾಗಿ ಆಮೇಲೆ ಜಾಗರ್ ಎಷ್ಟೇ ಕುಣಿದರೂ ನಾನು ನೋಡುವುದು ವೇದಿಕೆಯ ಅಂಚನ್ನು, ಅಲ್ಲಿ ನಿಂತವರ ಕೈಗಳನ್ನು. ಸಂಗೀತದ ಚಿತ್ರಕ್ಕೆ ಇಂಥ ಎಡಿಟಿಂಗ್ ನಾನು ಬೇರೆಲ್ಲೂ ಕಂಡಿಲ್ಲ.

ಡಿಸೆಂಬರ್ 9, ಮಂಗಳವಾರ

ಆ ವೇದಿಕೆ! ಸೊಂಟದೆತ್ತರವಷ್ಟೇ. ಕಛೇರಿಗೆ ಮೊದಲು ಗೊತ್ತುಮಾಡಿದ್ದ ಸಿಯರ್ಸ್ ಪಾಯಿಂಟ್‌ನಲ್ಲಿ ಅದು ಇಳಿಜಾರಿನ ಮೇಲ್ತುದಿಗೆ ಬರಬೇಕಿತ್ತು, ಅಲ್ಲಿಗೆ ಅಷ್ಟು ಸಾಕು. ಜಾಗದ ಒಡೆಯರು ಹಣದ ಜೊತೆ ಚಿತ್ರದ ಹಂಚಿಕೆ ಹಕ್ಕನ್ನೂ ಕೇಳಿದರು, ಮಾತು ಮುರಿಯಿತು. ಕೊನೇ ಗಳಿಗೆಯಲ್ಲಿ ಎಲ್ಲವನ್ನೂ ಆಲ್ಟಮಾಂಟ್ ಕಾರ್ ರೇಸ್ ಮೈದಾನಕ್ಕೆ ಸಾಗಿಸಿದರು. ಅಲ್ಲಿ ಅದೇ ವೇದಿಕೆ ಇಳಿಜಾರಿನ ತಳದಲ್ಲಿ ಬಿತ್ತು. ಸುಮಾರು 3 ಲಕ್ಷ ಜನ ಮೇಲಿನಿಂದ ಒತ್ತಿಕೊಂಡು ಬಂದರು. ಕಾವಲಿಗೆ ಹೆಲ್ಸ್ ಏಂಜಲ್ಸ್ ಎಂಬ ಬೈಕ್ ಪಟಾಲಂ, 500 ಡಾಲರಿನ ಬಿಯರ್‌ಗೆ ಎನ್ನುವ ಮಾತಿದೆ. ಅವರು ಬಿಲಿಯರ್ಡ್ಸ್ ಕೋಲು ಬೀಸುತ್ತಾರೆ. ಜೆಫರ್ಸನ್ ಏರೋಪ್ಲೇನ್ ತಂಡದ ಮಾರ್ಟಿ ಬಾಲಿನ್‌ಗೆ ಪ್ರಜ್ಞೆ ತಪ್ಪುವಷ್ಟು ಹೊಡೆದರು. ಗ್ರೇಟ್‌ಫುಲ್ ಡೆಡ್ ತಂಡದವರು ಹಾಡದೆಯೇ ಹಿಂದಿರುಗಿದರು. ನಡುವೆ ಎಲ್ಲಿಂದಲೋ ಒಂದು ನಾಯಿ ವೇದಿಕೆ ದಾಟಿಕೊಂಡು ಹೋಗುತ್ತದೆ.

ಡಿಸೆಂಬರ್ 12, ಶುಕ್ರವಾರ

ಅಣ್ಣ ಫೋನ್ ಮಾಡಿದ್ದ. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅವನು ಹೋಗಿದ್ದ. “ನೀನು ಕೊಲೆ ನೋಡ್ತಾ ಕೂತಿದ್ದೀಯ, ನಾವು ಮಳೇಲಿ ನೆನ್ಕೊಂಡು ಕುಣಿದ್ವಿ ಕಣೋ!” ಎಂದು ನಕ್ಕ. ಅದೂ ಸರಿಯೇ, ಅವನ ಸ್ಟೋನ್ಸ್ ಬೇರೆ.

ಡಿಸೆಂಬರ್ 13, ಶನಿವಾರ

ವಿಮರ್ಶಕಿ ಪಾಲೀನ್ ಕೇಲ್ ಆಗ ‘ನ್ಯೂಯಾರ್ಕರ್’ನಲ್ಲಿ ಸಿಡಿದಿದ್ದಳು: ಈ ಬಿಟ್ಟಿ ಕಛೇರಿ ಏರ್ಪಾಟಾಗಿದ್ದೇ ಶೂಟಿಂಗಿಗೆ ಎಂಬ ಧಾಟಿಯಲ್ಲಿ. ಪೂರ್ತಿ ಒಪ್ಪಲಾರೆ. ಆದರೆ ಹಂಚಿಕೆ ಹಕ್ಕಿನ ಜಗಳ ನೆನೆದರೆ ಕ್ಯಾಮೆರಾ ಬರೀ ಸಾಕ್ಷಿಯಾಗಿತ್ತು ಎನ್ನಲೂ ಬಾಯಿ ಬರುವುದಿಲ್ಲ.

ಸತ್ತವನು 18 ವರ್ಷದ ಕಪ್ಪು ಹುಡುಗ ಮೆರೆಡಿತ್ ಹಂಟರ್. ಡೇವಿಡ್ ರೀಲನ್ನು ಹಿಂದೆ ಮುಂದೆ ಓಡಿಸಿ ಜಾಗರ್‌ಗೆ ತೋರಿಸುತ್ತಾನೆ: ಜೊತೆಗಿದ್ದ ಹುಡುಗಿಯ ತಿಳಿಬಣ್ಣದ ಉಡುಪಿನ ಎದುರು ಹುಡುಗನ ಕೈಯ ಪಿಸ್ತೂಲಿನ ನೆರಳು, ಅತ್ತಿಂದ ಚಾಕು. ಇದೇ ದೃಶ್ಯ ಕೋರ್ಟಿಗೂ ಹೋಯಿತು. ಇರಿದವನದು ಆತ್ಮರಕ್ಷಣೆ ಎಂದು 1971ರಲ್ಲಿ ಜ್ಯೂರಿ ಬಿಟ್ಟುಬಿಟ್ಟಿತು. ಜಾಗರ್ ಎದ್ದು ಹೊರಡುತ್ತಾನೆ, ಅವನ ಮುಖವನ್ನು ಜ್ವೆರಿನ್ ಅಲ್ಲೇ ಫ್ರೀಜ್ ಮಾಡುತ್ತಾಳೆ. ಎಲ್ಲರೂ ಹೊಗಳುವ ಫ್ರೇಮು. ನನಗೆ ಅಲ್ಲೇ ಕೊರೆ ಕಾಣುತ್ತದೆ. ಹುಡುಗನ ಮನೆ ಯಾವುದು, ತಾಯಿ ಯಾರು, ಚಿತ್ರ ಕೇಳುವುದೇ ಇಲ್ಲ. ಅವನ ಸಮಾಧಿಗೆ ದಶಕಗಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ. ಅದನ್ನು ಹುಡುಕಿಕೊಂಡು ಹೋದದ್ದು 2006ರಲ್ಲಿ ಸ್ಯಾಮ್ ಗ್ರೀನ್ ತೆಗೆದ ಒಂದು ಕಿರುಚಿತ್ರ, ‘ಲಾಟ್ 63, ಗ್ರೇವ್ ಸಿ’. ನಾಳೆ ಅದನ್ನು ನೋಡಬೇಕು.