ದೇವರ ಪರವಾಗಿ ಮಾತಾಡಿದ್ದು

ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ಎದುರಿನವನ ಪ್ರಶ್ನೆಯನ್ನು ಹಾಗೇ ಬಿಡುವಂತಿಲ್ಲ. ವಾಲಿ ಕೇಳಿದರೆ ರಾಮ ಹೇಳಲೇಬೇಕು, ಕರ್ಣ ಕೇಳಿದರೆ ಕೃಷ್ಣ ಹೇಳಲೇಬೇಕು. ನಿದ್ದೆಗೆಟ್ಟು ಕೂತ ಸಭೆ ಆ ಉತ್ತರಕ್ಕಾಗಿಯೇ ಕಾದಿರುತ್ತದೆ. ಹಗಲು ಶಾಲೆ, ರಾತ್ರಿ ಎಲ್ಲಾದರೊಂದು ಕೂಟ ಎಂದು ಬದುಕಿದ ನನಗೆ ಈ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಸಾವಿನ ಮನೆಗೆ ಹೋದರೂ, ಆಸ್ಪತ್ರೆಯ ಮಂಚದ ಬದಿಯಲ್ಲಿ ನಿಂತರೂ ಪ್ರಾರಬ್ಧ, ಸಂಚಿತ, ಋಣಾನುಬಂಧ ಎಂಬ ಮಾತುಗಳು ತಾವಾಗಿ ಬಾಯಿಗೆ ಬರುತ್ತಿದ್ದವು. ಜನ ತಲೆಯಾಡಿಸುತ್ತಿದ್ದರು. ಅವರಿಗೆ ಸಮಾಧಾನವಾಯಿತೆಂದೇ ನಾನು ನಂಬಿದ್ದೆ.

ನಾನು ಪಾಠ ಮಾಡಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಕೊಕ್ಕಡದ ಕಡೆ. ಅಲ್ಲಿಯ ಗುಡ್ಡೆಗಳಲ್ಲಿ ಗೇರು ಬೆಳೆಸಿದ್ದರು. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ಬಂದು ರಸ ಹೀರುತ್ತದೆ, ಚಿಗುರು ಕರಟುತ್ತದೆ, ಫಸಲು ಹೋಗುತ್ತದೆ. ಅದಕ್ಕೆ ಆಗಿನ ಮದ್ದು ಎಂಡೋಸಲ್ಫಾನ್. ಗುಡ್ಡೆಗೆ ಗುಡ್ಡೆಯೇ ಗೇರು ಇರುವಲ್ಲಿ ಆಳು ಹಿಡಿದು ಹೊಡೆದು ಪೂರೈಸುವುದಿಲ್ಲವೆಂದು ಹೆಲಿಕಾಪ್ಟರಿನಿಂದ ಬಿಡುತ್ತಿದ್ದರು. ನಮ್ಮ ಕಡೆ 1980ರ ದಶಕದಿಂದ 2000ದವರೆಗೆ, ಗಡಿಯಾಚೆ ಕಾಸರಗೋಡಿನಲ್ಲಿ ಅದಕ್ಕೂ ಮೊದಲಿನಿಂದ ಇದು ನಡೆಯಿತು. ಗುಡ್ಡೆಯ ಬುಡದಲ್ಲೇ ಮನೆ, ಬಾವಿ, ತೋಡು. ಗಾಳಿ ಹೋದಲ್ಲಿಗೆಲ್ಲ ಮದ್ದೂ ಹೋಯಿತು. ಮಳೆ ಬಂದಾಗ ನೀರಿಗೆ ಇಳಿಯಿತು.

ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2011ರ ಮೇ ತಿಂಗಳಲ್ಲಿ. ಅದಾಗಿ ಸ್ವಲ್ಪ ಕಾಲಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮಾಷ್ಟ್ರು ಒಮ್ಮೆ ಬಂದು ಹೋಗಬೇಕಂತೆ ಎಂದು ಹೇಳಿ ಕಳಿಸಿದಳು. ಅವಳ ಮಗನಿಗೆ ಹುಷಾರಿಲ್ಲವೆಂದು ಕೇಳಿದ್ದೆ, ನೋಡಿರಲಿಲ್ಲ. ಹತ್ತು ವರ್ಷದ ಹುಡುಗ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕೈಕಾಲು ಸೆಟೆದುಕೊಂಡಿತ್ತು. ಅವಳು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಚಮಚದಲ್ಲಿ ಗಂಜಿ ಕೊಡುತ್ತಿದ್ದಳು. ಪ್ರತಿ ಗುಟುಕಿಗೂ ಗಂಟಲು ಸವರಬೇಕು, ಇಲ್ಲದಿದ್ದರೆ ನೆತ್ತಿಗೆ ಹತ್ತುತ್ತದೆ.

ಕರೆಸಿದ್ದು ಯಾತಕ್ಕೆಂದು ನಾನು ಕೇಳಲೇ ಇಲ್ಲ. ಅವಳಿಗೆ ಸಾಂತ್ವನ ಬೇಕು, ನನ್ನ ಹತ್ತಿರ ಅದು ಇದೆ ಎಂದುಕೊಂಡು ಸುರುಮಾಡಿದೆ. ಭಗವಂತ ಸರ್ವಜ್ಞ, ಅವನ ಲೆಕ್ಕದಲ್ಲಿ ಒಂದು ಕಾಸೂ ತಪ್ಪುವುದಿಲ್ಲ ಅಂದೆ. ಯಾವುದೋ ಜನ್ಮದ ಬಾಕಿಯನ್ನು ಈ ಜೀವ ಈ ದೇಹದಲ್ಲಿ ತೀರಿಸುತ್ತಿದೆ, ತೀರಿದ ಮೇಲೆ ಅದಕ್ಕೆ ಒಳ್ಳೆಯ ಗತಿಯುಂಟು, ಸೇವೆ ಮಾಡುವ ಯೋಗ ನಿನ್ನದು ಅಂದೆ. ಸ್ವರ ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಮಾತು ಚೆನ್ನಾಗಿ ಬರುತ್ತಿದೆ ಎಂಬ ಅರಿವೂ ಆ ಹೊತ್ತಿನಲ್ಲಿ ಒಳಗೆಲ್ಲೋ ಇತ್ತು.

ಅವಳು ಗಂಜಿಯ ಬಟ್ಟಲು ಬದಿಗಿಟ್ಟಳು. "ದೇವರಿಗೆ ಗೊತ್ತುಂಟು ಅಂತ ನಾನೂ ದಿನಾ ಹೇಳುವುದೇ ಮಾಷ್ಟ್ರೇ. ಆದ್ರೆ ಇವನು ಹೋದ ಜನ್ಮದಲ್ಲಿ ಎಂಥ ಮಾಡಿದ ಅಂತ ನಿಮಗೆ ಹೇಗೆ ಗೊತ್ತಾಯ್ತು? ಮೇಲಿಂದ ಮದ್ದು ಬಿಟ್ಟದ್ದು ಈ ಜನ್ಮದಲ್ಲೇ ಅಲ್ವಾ?"

ನಾನು ಸುಮ್ಮನಾದೆ. ಅವಳು ಸಿಟ್ಟು ಮಾಡಿರಲಿಲ್ಲ. "ನಮ್ಮನ್ನು ಗ್ರೌಂಡಿಗೆ ಬಿಟ್ಟದ್ದು ನಿಮಗೆ ನೆನಪುಂಟಾ? ಹೆಲಿಕಾಪ್ಟರ್ ನೋಡ್ಲಿಕ್ಕೆ?"

ನೆನಪಿತ್ತು. ಆ ಸದ್ದು ಕೇಳಿದರೆ ಮಕ್ಕಳು ಬೆಂಚಿನಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಪುಸ್ತಕ ಮಡಚಿ, ಹೋಗಿ ನೋಡಿ ಬನ್ನಿ ಎಂದು ಬಿಡುತ್ತಿದ್ದೆ. ಮಕ್ಕಳು ಮೇಲೆ ನೋಡಿ ಕೈ ಬೀಸುತ್ತಿದ್ದರು. ಗುಡ್ಡೆಯ ಮೇಲೆ ಬಿಳಿ ಹೊಗೆಯಂತೆ ಇಳಿಯುವುದು ಶಾಲೆಯ ಅಂಗಳಕ್ಕೂ ಕಾಣುತ್ತಿತ್ತು, ವಾಸನೆಯೂ ಬರುತ್ತಿತ್ತು. ಕೈ ಬೀಸಿದವರಲ್ಲಿ ಅವಳೂ ಒಬ್ಬಳು.

ಅವಳು ಕರೆಸಿದ್ದು ಅದಕ್ಕೇ. ಸಹಾಯಧನಕ್ಕೆ ಹಾಕಿದ ಅರ್ಜಿಯನ್ನು ಕಚೇರಿಯೊಂದರಲ್ಲಿ, ನಿಮ್ಮ ಊರಿನ ಮೇಲೆ ಮದ್ದು ಬಿಟ್ಟದ್ದಕ್ಕೆ ಆಧಾರವೇನೆಂದು ಕೇಳಿ ಹಿಂದೆ ಕಳಿಸಿದ್ದರು. ನೋಡಿದ್ದೇನೆಂದು ಮಾಷ್ಟ್ರು ಒಂದು ಕಾಗದ ಬರೆದುಕೊಡಬೇಕು. ಅಷ್ಟೇ.

ಬರೆಯುತ್ತೇನೆ ಎಂದು ಆ ದಿನ ನಾನು ಹೇಳಲಿಲ್ಲ. ನೋಡುವ ಅಂದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ, ಸರಕಾರಿ ನೌಕರ ಇಂಥದ್ದಕ್ಕೆ ಸಹಿ ಹಾಕಿದರೆ ಏನಾದೀತೋ ಎಂಬ ಹೆದರಿಕೆ. ಜನ್ಮಾಂತರದ ಲೆಕ್ಕವನ್ನು ಅಷ್ಟು ಧೈರ್ಯದಿಂದ ಹೇಳಿದವನಿಗೆ ಕಣ್ಣಾರೆ ಕಂಡದ್ದನ್ನು ಹೇಳುವ ಧೈರ್ಯ ಇರಲಿಲ್ಲ.

ಮನೆಗೆ ಬಂದರೂ ನಿದ್ದೆ ಬರಲಿಲ್ಲ. ಕೃಷ್ಣಸಂಧಾನದಲ್ಲಿ ವಿದುರ ನಾನು ಹೆಚ್ಚಾಗಿ ಹೇಳುತ್ತಿದ್ದ ಪಾತ್ರ. ಯಮಧರ್ಮನೇ ವಿದುರನಾಗಿ ಹುಟ್ಟಿದ ಕತೆಯನ್ನು ಅರ್ಥದ ನಡುವೆ ಎಷ್ಟೋ ಕೂಟಗಳಲ್ಲಿ ವಿಸ್ತರಿಸಿದ್ದೇನೆ. ಕದಿಯದಿದ್ದರೂ ಕಳ್ಳರ ಜತೆ ಶೂಲಕ್ಕೇರಿದ ಮಾಂಡವ್ಯ ಋಷಿ ಯಮನ ಹತ್ತಿರ ಹೋಗಿ, ನನಗೇಕೆ ಈ ಶಿಕ್ಷೆ ಎಂದು ಕೇಳುತ್ತಾನೆ. ನೀನು ಚಿಕ್ಕವನಿದ್ದಾಗ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ ಎನ್ನುತ್ತಾನೆ ಯಮ. ಮಾಂಡವ್ಯ ತಲೆಬಾಗುವುದಿಲ್ಲ. ಮಗು ತಿಳಿಯದೆ ಮಾಡಿದ್ದಕ್ಕೆ ಇಷ್ಟು ಶಿಕ್ಷೆಯೇ ಎಂದು ಧರ್ಮದೇವತೆಯನ್ನೇ ಶಪಿಸುತ್ತಾನೆ, ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದ್ದು ಪಾಪವಲ್ಲವೆಂದು ಕಟ್ಟಳೆ ಹಾಕುತ್ತಾನೆ. ಆ ಶಾಪದಿಂದ ಯಮ ದಾಸಿಯ ಮಗನಾಗಿ ಹುಟ್ಟುತ್ತಾನೆ. ವಿದುರನ ಹಿರಿಮೆಗೆಂದು ಈ ಕತೆ ಹೇಳುತ್ತಾ ಬಂದೆನೇ ಹೊರತು, ಮಗುವಿನ ನೋವಿಗೆ ಲೆಕ್ಕ ಒಪ್ಪಿಸಿದ ಧರ್ಮನೇ ಅಲ್ಲಿ ತಪ್ಪಿತಸ್ಥನಾದ ಎಂಬುದನ್ನು ಗಮನಿಸಿರಲಿಲ್ಲ. ಅವಳ ಚಾವಡಿಯಲ್ಲಿ ನಾನು ಆಡಿದ್ದು ಯಮನ ಮಾತು.

ಶಾಲೆಯಲ್ಲಿ ಜತೆಗಿದ್ದ ಕ್ರೈಸ್ತ ಅಧ್ಯಾಪಕರೊಬ್ಬರಿಗೆ ಇದನ್ನೆಲ್ಲ ಹೇಳಿಕೊಂಡೆ. ಅವರು ಬೈಬಲಿನ ಯೋಬನ ವಿಷಯ ತೆಗೆದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋಗಿ ಬೂದಿಯಲ್ಲಿ ಕೂತ ಅವನ ಜತೆ ಗೆಳೆಯರು ಏಳು ದಿನ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು, ನೀನು ಪಾಪ ಮಾಡಿರಬೇಕು ಎಂದು ದೇವರ ಪರ ವಾದಿಸುತ್ತಾರೆ. ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರ ವಾದಿಸಿದವರ ಮೇಲೆ.

ಹುಡುಗನ ಸ್ಥಿತಿಗೆ ಮದ್ದೇ ಕಾರಣವೆಂದು ಯಾವ ವೈದ್ಯರೂ ಬರೆದುಕೊಟ್ಟಿರಲಿಲ್ಲ. ಒಬ್ಬೊಬ್ಬರ ಮಟ್ಟಿಗೆ ಅದನ್ನು ಸಾಧಿಸುವುದು ಸುಲಭವಲ್ಲ. ಆದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಕಾಸರಗೋಡಿನ ಪಡ್ರೆಯ ಮಕ್ಕಳನ್ನು ಪರೀಕ್ಷಿಸಿ, ಹೋಲಿಕೆಗೆ ತೆಗೆದುಕೊಂಡ ಊರಿಗಿಂತ ಅಲ್ಲಿ ಕಲಿಕೆಯ ತೊಡಕು, ಹುಟ್ಟಿನಿಂದ ಬಂದ ಊನ ಹೆಚ್ಚೆಂದು 2002ರಲ್ಲೇ ವರದಿ ಕೊಟ್ಟಿತ್ತು. ಅದು ಸುದ್ದಿಯಾದಾಗ ನಾನು ಓದಿಯೂ ಇದ್ದೆ. ಓದಿದವನಿಗೆ ಅಂಗಳದ ನೆನಪು ಬಂದಿರಲೇಬೇಕು. ಕರ್ಮದ ಮಾತು ನನಗೆ ಅಷ್ಟು ಹಿತವಾಗಿದ್ದು ಅದಕ್ಕೇ ಎಂದು ಈಗ ಅನಿಸುತ್ತದೆ. ಹುಡುಗನ ನೋವಿಗೆ ಅವನ ಹಿಂದಿನ ಜನ್ಮವೇ ಹೊಣೆಯಾದರೆ ಮದ್ದು ಬಿಡಿಸಿದವರು ಹೊಣೆಯಲ್ಲ, ಬಾಗಿಲು ತೆಗೆದು ಮಕ್ಕಳನ್ನು ಹೊರಗೆ ಕಳಿಸಿದವನೂ ಅಲ್ಲ.

ಮತ್ತೊಮ್ಮೆ ಹೋದಾಗ ಅವಳನ್ನು ಕೇಳಿದೆ, ಇಷ್ಟಾದರೂ ದೇವರಲ್ಲಿ ನಂಬಿಕೆ ಹೇಗೆ ಉಳಿಯಿತು ಎಂದು. ಅವಳು ಸೌತಡ್ಕದ ಮಾತು ತೆಗೆದಳು. ಕೊಕ್ಕಡದ ಹತ್ತಿರದ ಆ ಗಣಪತಿಗೆ ಗರ್ಭಗುಡಿ ಇಲ್ಲ, ಮಾಡೂ ಇಲ್ಲ. ಬಯಲಲ್ಲೇ ಕೂತಿದ್ದಾನೆ. "ನಮ್ಮ ಹಾಗೆ ಅವನ ತಲೆ ಮೇಲೂ ಬರೀ ಆಕಾಶ. ಯಾರು ಬಿಟ್ಟದ್ದು, ಯಾರ ಮೇಲೆ ಬಿದ್ದದ್ದು, ಎಲ್ಲ ಅವನು ಕಂಡಿದ್ದಾನೆ. ಆಫೀಸಿನವರು ಇಲ್ಲ ಅಂದ್ರೆ ಇಲ್ಲ ಅಂತ ಆಗ್ತದಾ? ಹಾಗಾಗಿ ನಾನು ಬಿಡುವುದಿಲ್ಲ."

ನನ್ನ ಬಾಯಲ್ಲಿ ದೇವರಿಗೆ ಗೊತ್ತು ಎಂಬುದು ಮಾತು ಮುಗಿಸುವುದಕ್ಕೆ ಬಳಕೆಯಾಗುತ್ತಿತ್ತು. ಅವಳು ಅದನ್ನು ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಳು. ಅವನಿಗೆ ಎಲ್ಲ ಗೊತ್ತಿದೆ ಎಂದು ನಾನೂ ಮನಸಾರೆ ನಂಬಿದ್ದರೆ, ನಾನು ಮುಚ್ಚಿಟ್ಟದ್ದೂ ಅವನಿಗೆ ಗೊತ್ತಿರಬೇಕಲ್ಲ.

ಸಹಿ ಹಾಕಲು ಹೆದರಿದ್ದ ನನಗೆ ಇನ್ನೊಬ್ಬರ ನೆನಪೂ ಬಂತು. 1998ರಲ್ಲಿ ಕಾಸರಗೋಡು ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದಿದ್ದರು. ಅವರು ಕೃಷಿ ಇಲಾಖೆಯ ನೌಕರಿಯಲ್ಲಿದ್ದವರು. ಸರಕಾರದ ಸಂಬಳ ಅವರಿಗೂ ಬರುತ್ತಿತ್ತು.

ಕಾಗದ ಬರೆದೆ. ಇಂಥ ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ, ಶಾಲೆಯ ಹೊತ್ತಿನಲ್ಲೇ ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಮದ್ದು ಬಿಡುವುದನ್ನು ಕಂಡಿದ್ದೇನೆ, ಆಗ ಮಕ್ಕಳನ್ನು ಅಂಗಳಕ್ಕೆ ಬಿಟ್ಟವನು ನಾನೇ. ಅವಳು ಓದಿ, ಕಡೆಯದ್ದು ಬೇಡ ಮಾಷ್ಟ್ರೇ ಅಂದಳು. ನಾನು ಹೊಡೆದು ಹಾಕಲಿಲ್ಲ. ಸಹಾಯಧನ ತಡವಾಗಿ ಬಂತು. ಮದ್ದು ಬಿಡಿಸಿದವರ ಕಡೆಯಿಂದ ಈವರೆಗೆ ಯಾರೂ ಆ ಮನೆಗೆ ಬಂದಿಲ್ಲ. ಅವಳು ಈಗಲೂ ಈ ಮದ್ದಿನ ವಿಷಯಕ್ಕೆ ಸಭೆ ನಡೆದಲ್ಲಿಗೆಲ್ಲ ಹೋಗಿ ಕೇಳುತ್ತಾಳೆ. ಕರೆದರೆ ನಾನೂ ಹೋಗುತ್ತೇನೆ. ಮಾತಾಡುವುದು ಅವಳು.